ಲಂಡನ್ನಿನ ಪತ್ರಿಕೆಯಲ್ಲಿ ನಮ್ಮ ಚಂದ್ರ

ಚಂದ್ರನ ನೆಲದ ಮೊದಲ ಕಲ್ಲು ಕಾಗದದ ಮೇಲೆ ಮೂಡಿದಾಗ ಚಿತ್ರ ಎಳೆಯುವ ಯಂತ್ರದ ಉರುಳೆಯ ಮುಂದೆ ಕೂತಿದ್ದವಳು ರಿಮ್ಮಾ ವೆಲಿಚ್ಕೊ. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂತಿರಲಿಲ್ಲ, ಆ ಮಾತು ಬೇರೆ. ಹೇಳಬಹುದಾಗಿದ್ದರೂ ಅವಳು ಹೇಳುತ್ತಿರಲಿಲ್ಲ. ಒದೆಸ್ಸಾದಲ್ಲಿ ಸಂಪರ್ಕ ವಿದ್ಯೆ ಓದುವಾಗಲೇ ಉಪನ್ಯಾಸಕರು ಹಾಜರಿ ಕರೆದರೆ ಕೈ ಮಾತ್ರ ಎತ್ತುವ ಹುಡುಗಿ ಎಂದು ಹೆಸರು ಪಡೆದಿದ್ದಳು. ಆಕಾಶದ ಸದ್ದು ಹಿಡಿಯುವ, ಕ್ರಿಮಿಯಾದ ಗುಡ್ಡದ ಮೇಲಿನ ಈ ನಿಲ್ದಾಣಕ್ಕೆ ಬಂದ ಮೇಲೆ ಕೈ ಎತ್ತುವ ಅಗತ್ಯವೂ ಇರಲಿಲ್ಲ. ಗೇಟಿನ ಕಿಟಕಿಯಲ್ಲಿ ಪಾಸು ತೋರಿಸಿ ಒಳಗೆ ಬಂದರೆ ಸಂಜೆಯವರೆಗೆ ಅವಳುಂಟು, ಅವಳ ಯಂತ್ರವುಂಟು.

ಉರುಳೆಗೆ ಕಾಗದ ಸುತ್ತಬೇಕು, ವೇಗ ಹೊಂದಿಸಬೇಕು, ದೂರದಿಂದ ಬರುವ ಸದ್ದಿಗೆ ತಕ್ಕಂತೆ ಅದು ಒಂದೊಂದೇ ಗೆರೆ ಎಳೆಯುವುದನ್ನು ಕಾಯಬೇಕು. ನೂರಾರು ಗೆರೆ ಸೇರಿದರೆ ಒಂದು ಅಂಗೈಯಗಲದ ನೆಲ. ಆ ನೆಲವನ್ನು ಕಾಣಲು ವರ್ಷಗಟ್ಟಲೆ ಸೋವಿಯತ್ ನೌಕೆಗಳು ಹೋಗಿದ್ದವು. ಕೆಲವು ಚಂದ್ರನನ್ನು ತಪ್ಪಿಸಿಕೊಂಡು ಆಚೆ ಹೋದವು, ಕೆಲವು ಇಳಿಯುವ ಬದಲು ಬಿದ್ದವು. ಭೂಮಿಯ ಸುತ್ತಲೇ ಸಿಕ್ಕಿಬಿದ್ದವಕ್ಕೆ ಬೇರೆಯದೇ ಹೆಸರು ಕೊಟ್ಟು, ಅದಕ್ಕೂ ಚಂದ್ರನಿಗೂ ಸಂಬಂಧವೇ ಇಲ್ಲವೆಂಬಂತೆ ರೇಡಿಯೋದಲ್ಲಿ ಓದುತ್ತಿದ್ದರು. ಮೇಲಕ್ಕೇ ಏರದವಕ್ಕೆ ಹೆಸರೂ ಇಲ್ಲ, ತಿಥಿಯೂ ಇಲ್ಲ. ಈ ಫೆಬ್ರವರಿಯಲ್ಲಿ ಮಾತ್ರ ಲೂನಾ ಸಾಲಿನ ಒಂಬತ್ತನೆಯ ನೌಕೆ ಮೆಲ್ಲಗೆ ಇಳಿದು, ಮೊಗ್ಗು ಬಿರಿದ ಹಾಗೆ ದಳ ಬಿಚ್ಚಿ, ಸುತ್ತ ನೋಡಿ, ಕಂಡದ್ದನ್ನು ಕಳಿಸತೊಡಗಿತು.

ಮರುದಿನವೇ ಲಂಡನ್ನಿನ ಪತ್ರಿಕೆಯೊಂದು ಆ ನೆಲದ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿತು. ನಮ್ಮ ಪತ್ರಿಕೆಗಳಿಗಿಂತ ಮೊದಲು.

ಸುದ್ದಿ ನಿಲ್ದಾಣಕ್ಕೆ ಹೇಗೆ ಬಂತೋ ಯಾರೂ ಕೇಳಲಿಲ್ಲ. ಬೆಳಗಿನ ಗಂಜಿಯ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಮಾಸ್ಕೋದಿಂದ ಬಂದ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದರಂತೆ: ಅವರಿಗೆ ಕೊಟ್ಟವರು ಯಾರು? ಇಂಗ್ಲೆಂಡಿನಲ್ಲಿ ಆಕಾಶಕ್ಕೆ ತೆರೆದಿಟ್ಟ ದೊಡ್ಡ ಬೋಗುಣಿಯಂಥ ಆಂಟೆನಾ ಇದೆ, ಸದ್ದು ಅವರಿಗೂ ಕೇಳಿಸಿರಬಹುದು, ಅಷ್ಟನ್ನು ಎಲ್ಲರೂ ಒಪ್ಪುತ್ತಿದ್ದರು. ಆದರೆ ಸದ್ದನ್ನು ಚಿತ್ರ ಮಾಡುವ ಲೆಕ್ಕ? ಉರುಳೆಯ ವೇಗ? ಅದು ಇಲ್ಲಿಂದಲೇ ಹೋಗಿರಬೇಕು. ಹೋಗಿದ್ದರೆ ಉರುಳೆ ಬಲ್ಲವರಿಂದಲೇ ಹೋಗಿರಬೇಕು. ನಿಲ್ದಾಣದಲ್ಲಿ ಉರುಳೆ ಬಲ್ಲವರು ಇಬ್ಬರೇ. ಒಬ್ಬಳು ರಿಮ್ಮಾ, ಇನ್ನೊಬ್ಬರು ಪೊರ್ಫೀರಿ ಲೂಕಿಚ್.

ಪೊರ್ಫೀರಿ ಲೂಕಿಚ್ ಇಲ್ಲಿಗೆ ಬರುವ ಮೊದಲು ಪತ್ರಿಕಾ ಕಚೇರಿಯೊಂದರಲ್ಲಿ ತಂತಿಯ ಮೇಲೆ ಚಿತ್ರ ಕಳಿಸುವ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಚಂದ್ರನ ಚಿತ್ರಕ್ಕೆಂದು ಹೊಸ ಯಂತ್ರ ಮಾಡುವ ಮಾತು ಬಂದಾಗ, ಓಡುವ ಗಾಡಿ ಇರುವಾಗ ಹೊಸ ಚಕ್ರ ಕೆತ್ತುವುದೇಕೆ, ಪತ್ರಿಕೆಯವರ ಲೆಕ್ಕವನ್ನೇ ಇಟ್ಟುಕೊಳ್ಳೋಣ ಎಂದು ಒತ್ತಿ ಹೇಳಿದವರಲ್ಲಿ ಅವರೂ ಒಬ್ಬರು. ಹಾಗೆಯೇ ಆಯಿತು. ಗುಡ್ಡದ ಹೆಸರು ಗುಟ್ಟು, ನಿಲ್ದಾಣದ ವಿಳಾಸ ಗುಟ್ಟು, ನೌಕೆಯ ಮುಖ್ಯ ವಿನ್ಯಾಸಕಾರನ ಹೆಸರು ಅವನ ಹೆಂಡತಿಯೂ ಜೋರಾಗಿ ಹೇಳಬಾರದಷ್ಟು ಗುಟ್ಟು. ಚಂದ್ರನಿಂದ ಬರುವ ಚಿತ್ರ ಮಾತ್ರ ಪ್ರಪಂಚದ ಯಾವ ಪತ್ರಿಕಾ ಕಚೇರಿಯ ಯಂತ್ರಕ್ಕೆ ಕೊಟ್ಟರೂ ಓದಬಲ್ಲ ಹಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಶರತ್ಕಾಲದಲ್ಲಿ ಒಂದು ಮಧ್ಯಾಹ್ನ, ಕಟ್ಟಡದ ಹಿಂದಿನ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಸುಲಿಯುತ್ತ, ಅವರೇ ಅದನ್ನು ತಮಾಷೆಯಾಗಿ ಹೇಳಿದ್ದರು. "ಇನ್ಮೇಲೆ ಚಂದ್ರನ್ನ ನೋಡೋಕೆ ವಿಜ್ಞಾನ ಅಕಾಡೆಮಿ ಬೇಡ ಮಗಳೇ. ಪತ್ರಿಕೆ ಆಫೀಸಿನ ಕಸ ಗುಡಿಸೋನೂ ನೋಡಬಹುದು." ಅಲ್ಲಿದ್ದವರು ರಿಮ್ಮಾ ಮತ್ತು ಫಾಯಿನಾ. ಫಾಯಿನಾ ಕತ್ತಲೆಕೋಣೆಯಲ್ಲಿ ಚಿತ್ರ ತೊಳೆಯುವವಳು, ಕೆರ್ಚಿನ ಮೀನುಗಾರರ ಮನೆಯ ಹುಡುಗಿ, ವಸತಿಗೃಹದಲ್ಲಿ ರಿಮ್ಮಾಳ ಕೋಣೆಯ ಇನ್ನೊಂದು ಮಂಚದವಳು. ಅವಳು ಗಟ್ಟಿಯಾಗಿ ನಕ್ಕಿದ್ದಳು. ರಿಮ್ಮಾ ತುಟಿಯಂಚಿನಲ್ಲಿ ನಕ್ಕಿದ್ದಳು.

ಲಂಡನ್ನಿನ ಸುದ್ದಿ ಬಂದ ಮರುದಿನ ಬೆಳಿಗ್ಗೆ ರಿಮ್ಮಾಳನ್ನು ಮೊದಲನೆಯ ಕೋಣೆಗೆ ಕರೆದರು. ಗುಟ್ಟು ಕಾಯುವವರ ಕೋಣೆ ಅದು, ಬಾಗಿಲಿಗೆ ಕಪ್ಪು ರೆಕ್ಸಿನ್ನಿನ ಮೆತ್ತೆ ಹೊದಿಸಿತ್ತು. ಒಳಗಿನ ಮಾತು ಹೊರಗೆ ಬರದಿರಲಿ ಎಂದೋ, ಹೊರಗಿನವರಿಗೆ ಹೆದರಿಕೆಯಾಗಲಿ ಎಂದೋ. ಮೇಜಿನ ಆಚೆ ಅರ್ಕಾದಿ ನೀಲೊವಿಚ್ ಕೂತಿದ್ದರು. ನೆಗಡಿಯಾಗಿತ್ತು, ಗಳಿಗೆಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಚಹಾ ತರಿಸಿಕೊಟ್ಟರು. ಅಮ್ಮ ಹೇಗಿದ್ದಾರೆ, ಒದೆಸ್ಸಾದಲ್ಲಿ ಚಳಿ ಹೇಗಿದೆ ಎಂದೆಲ್ಲ ವಿಚಾರಿಸಿದರು. ಮುಖ ನೋಡಿದರೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆ ಇದ್ದ ಹಾಗಿತ್ತು, ಅದೇ ರಿಮ್ಮಾಳಿಗೆ ಹೆಚ್ಚು ದಿಗಿಲು ಹುಟ್ಟಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವಳದು. ಮಾಡದ ತಪ್ಪಿಗೂ ಕಿವಿ ಕೆಂಪಾಗುತ್ತಿತ್ತು, ಈಗಲೂ ಆಯಿತು. ಅವರು ಅದನ್ನು ನೋಡಿದರು.

ಆಮೇಲೆ ಬೆಂಚಿನ ಮೇಲಿನ ಆ ಮಾತನ್ನು, ಕಸ ಗುಡಿಸುವವನ ಸಮೇತ, ಒಂದಕ್ಷರ ಬಿಡದೆ ಅವಳಿಗೇ ಒಪ್ಪಿಸಿದರು. ಅದನ್ನು ಪೊರ್ಫೀರಿ ಲೂಕಿಚ್ ಹೇಳಿದ್ದು ಹೌದೆಂದು ಬರೆದು ಸಹಿ ಹಾಕಿದರೆ ಸಾಕು ಎಂದರು. ನೌಕೆಯ ಬ್ಯಾಟರಿ ಮುಗಿಯುತ್ತ ಬಂದಿದೆ, ಇವತ್ತು ಚಂದ್ರ ಮೇಲೇರಿದ ಮೇಲೆ ಬರುವ ಚಿತ್ರವೇ ಕೊನೆಯದು, ಅದಕ್ಕೆ ಉರುಳೆಯ ಮುಂದೆ ನಂಬಿಕೆಯ ಜನ ಬೇಕು ಎಂದು ಮೆಲ್ಲಗೆ ಸೇರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದನಿ. ರಿಮ್ಮಾಳಿಗೆ ಬೇಕಿದ್ದದ್ದು ಅದೊಂದೇ, ಆ ಕೊನೆಯ ಚಿತ್ರ. ಇಂಥದ್ದು ಇನ್ನು ಎಷ್ಟು ವರ್ಷಕ್ಕೋ, ಅಥವಾ ಎಂದೂ ಇಲ್ಲವೋ. ತನ್ನ ಆ ಆಸೆ ಅವರಿಗೆ ಹೇಗೆ ತಿಳಿಯಿತು ಎಂದು ಅವಳು ಯೋಚಿಸಿದಳು. ಅದನ್ನು ಅವಳು ಹೇಳಿಕೊಂಡಿದ್ದು ಒಬ್ಬಳ ಹತ್ತಿರ, ದೀಪ ಆರಿಸಿದ ಮೇಲೆ, ಮಂಚದಿಂದ ಮಂಚಕ್ಕೆ.

ಮೇಜಿನ ಮೇಲೆ ಆ ಲಂಡನ್ ಪತ್ರಿಕೆಯ ಪುಟದ ನಕಲು ತಲೆಕೆಳಗಾಗಿ ಬಿದ್ದಿತ್ತು. ರಿಮ್ಮಾ ಅದನ್ನೇ ನೋಡಿದಳು. ಅದು ತನ್ನ ನೆಲವೇ, ಆದರೂ ತನ್ನ ನೆಲವಲ್ಲ. ಕಲ್ಲುಗಳು ಸೂಜಿಯ ಹಾಗೆ ಎದ್ದು ನಿಂತಿದ್ದವು. ಯಾರೋ ಚಿತ್ರವನ್ನು ತಲೆ ಮತ್ತು ಕಾಲು ಹಿಡಿದು ಎಳೆದ ಹಾಗಿತ್ತು.

"ಇದು ತಪ್ಪಿದೆ," ಎಂದಳು. ಅವಳಾಗಿ ಆಡಿದ ಮೊದಲ ಮಾತು.

"ಏನು ತಪ್ಪಿದೆ?"

"ಅಗಲ ಸಾಲದು. ಕಲ್ಲುಗಳು ಇಷ್ಟು ಎತ್ತರ ಇಲ್ಲ. ಯಾರಾದ್ರೂ ಲೆಕ್ಕ ಹೇಳಿಕೊಟ್ಟಿದ್ರೆ ಅವರು ಹೀಗೆ ತಪ್ಪು ಮಾಡ್ತಿರಲಿಲ್ಲ. ಅಂದಾಜಲ್ಲಿ ತೆಗೆದಿದಾರೆ."

ಅರ್ಕಾದಿ ನೀಲೊವಿಚ್ ಪುಟವನ್ನು ತಿರುಗಿಸಿ ಬಹಳ ಹೊತ್ತು ನೋಡಿದರು. ಮೂಗು ಒರೆಸಿಕೊಂಡರು. ಅವರ ಮುಖದಲ್ಲಿ ಒಂದು ಹೊಸ ಆಸಕ್ತಿ ಹುಟ್ಟಿದ್ದನ್ನು ಕಂಡು, ಮಾತಾಡಬಾರದಿತ್ತು ಎಂದು ರಿಮ್ಮಾಳಿಗೆ ಅನ್ನಿಸಿತು.

"ಅಥವಾ ಸರಿಯಾದದ್ದು ಗೊತ್ತಿದ್ದೂ ಹೀಗೆ ಎಳೆದು ಹಾಕಿದಾರೆ," ಎಂದರು ಅವರು. "ಕೊಟ್ಟವರು ಸಿಕ್ಕಿಬೀಳಬಾರದು ಅಂತ. ನೀವು ಇದನ್ನ ಇಷ್ಟು ಬೇಗ ಹೇಗೆ ಕಂಡುಹಿಡಿದ್ರಿ, ಕಾಮ್ರೇಡ್ ವೆಲಿಚ್ಕೊ?"

ಅನುಮಾನವೆಂಬುದು ಹಸಿದ ಹಸು, ಬೇಲಿಗೆಂದು ನೆಟ್ಟದ್ದನ್ನೂ ಮೇಯುತ್ತದೆ. ರಿಮ್ಮಾ ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಲೇಖನಿ ಮುಟ್ಟದೆ ಸುಮ್ಮನೆ ಕೂತಳು, ಚಹಾ ತಣ್ಣಗಾಗುವವರೆಗೆ. ಕೊನೆಗೆ ಅವರು ಇನ್ನೊಂದು ಕಾಗದ ಚಾಚಿದರು, ಇಲ್ಲಿ ನಡೆದ ಮಾತನ್ನು ಹೊರಗೆ ಆಡೆನು ಎಂಬ ಎಂದಿನ ಮುಚ್ಚಳಿಕೆ. ಅದಕ್ಕೆ ಎಲ್ಲರೂ ಸಹಿ ಹಾಕುತ್ತಿದ್ದರು. ಅವಳೂ ಹಾಕಿದಳು.

ಅವಳ ನಂತರ ಪೊರ್ಫೀರಿ ಲೂಕಿಚ್ ಒಳಗೆ ಹೋದರು. ಹೊರಗೆ ಬಂದಾಗ ಅವರ ಪಾಸು ಗೇಟಿನ ಕಿಟಕಿಯಲ್ಲೇ ಉಳಿಯಿತು.

ಮಧ್ಯಾಹ್ನ ರಿಮ್ಮಾ ತಟ್ಟೆ ಹಿಡಿದು ಕ್ಯಾಂಟೀನಿಗೆ ಬಂದಾಗ ಅಲ್ಲಿನ ಮಾತು ನಿಂತಿತು. ಮೊದಲು ಅವಳಿಗೆ ತಿಳಿಯಲಿಲ್ಲ. ಮೌನ ಅವಳಿಗೆ ಹೊಸದಲ್ಲ, ತನ್ನ ಸುತ್ತ ತಾನೇ ಹೊದ್ದುಕೊಂಡು ತಿರುಗುತ್ತಿದ್ದವಳು. ಆದರೆ ಇದು ಅವಳು ತಂದದ್ದಲ್ಲ, ಅವಳಿಗೆಂದು ಹಾಸಿಟ್ಟದ್ದು. ಉಪ್ಪುಮೀನು ಬಡಿಸುವ ಹೆಂಗಸು ಕೂಡ ಸೌಟನ್ನು ದೂರದಿಂದಲೇ ಚಾಚಿದಳು. ಪಕ್ಕದ ಮೇಜಿನಲ್ಲಿ ಆಂಟೆನಾದ ಹುಡುಗನೊಬ್ಬ ಯಾರಿಗೂ ಅಲ್ಲವೆಂಬಂತೆ ಹೇಳಿದ: "ಮಾತಾಡೋರ ಬಾಯಿಗೆ ಹೆದರಬೇಕಿಲ್ಲಪ್ಪ. ಮಾತಾಡದೆ ಕೇಳಿಸ್ಕೊಳ್ಳೋರ ಕಿವಿಗೆ ಹೆದರಬೇಕು."

ರಿಮ್ಮಾ ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಆಗ ಅವಳಿಗೆ ಲೆಕ್ಕ ಹೊಳೆಯಿತು. ಅವಳು ಕಪ್ಪು ಬಾಗಿಲಿನ ಒಳಗೆ ಬಹಳ ಹೊತ್ತು ಇದ್ದಳು. ಅವಳು ಹೊರಗೆ ಬಂದ ಮೇಲೆ ಮುದುಕರ ಪಾಸು ಹೋಯಿತು. ಇದನ್ನು ಕೂಡಿಸಲು ಯಾವ ಕಾಲೇಜೂ ಬೇಕಿಲ್ಲ.

ಊಟ ಮುಗಿಯುವ ಮುನ್ನವೇ ಸರದಿಯ ಮುಖ್ಯಸ್ಥ ವಾದಿಮ್ ಗ್ಲೆಬೊವಿಚ್ ಬಂದು, ಸಂಜೆ ನೀವೇ ಉರುಳೆ ನೋಡಿಕೊಳ್ಳಬೇಕು, ಪಾಸು ಸರಿಯಾಗಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದರು. ಅಕ್ಕಪಕ್ಕದ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂತೋಷದ ಮಾತು ಎದೆಗೆ ಕಲ್ಲಿನ ಹಾಗೆ ಬಿತ್ತು. ಸಹಿ ಹಾಕದವಳಿಗೆ ಪಾಸು ಉಳಿದದ್ದೇಕೆ? ಬೇರೆ ಯಾರೋ ಹಾಕಿರಬೇಕು. ಬೆಂಚಿನ ಮಾತು ಕೇಳಿದ್ದವರಲ್ಲಿ ತನ್ನನ್ನು ಬಿಟ್ಟರೆ ಉಳಿದವಳು ಒಬ್ಬಳೇ. ಆ ಒಬ್ಬಳು ಕ್ಯಾಂಟೀನಿನ ಆ ತುದಿಯಲ್ಲಿ, ಬೆನ್ನು ಹಾಕಿ, ಎದ್ದು ಹೋಗುವ ಆತುರದಲ್ಲಿ ಉಣ್ಣುತ್ತಿದ್ದಳು.

ರಿಮ್ಮಾ ಆ ಬೆನ್ನನ್ನೇ ನೋಡಿದಳು. ಹಿಂದಿನ ತಿಂಗಳು ಫಾಯಿನಾಗೆ ಇದ್ದಕ್ಕಿದ್ದಂತೆ ಕಡಲತೀರದ ಯಾಲ್ತಾಗೆ ಹೋಗಲು ರಜೆ ಸಿಕ್ಕಿತ್ತು. ಹೇಗೆ ಸಿಕ್ಕಿತು? ತಾನು ದಿನಚರಿ ಬರೆಯುವಾಗ ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅದು ಸಭ್ಯತೆಯೋ, ನಾಟಕವೋ? ಪ್ರೀತಿಯಿಂದ ಕೇಳಿದ ಒಂದೊಂದು ಪ್ರಶ್ನೆಯೂ ಈಗ ಮುಖವಾಡ ಕಳಚಿಕೊಂಡು ಎದುರು ನಿಂತಿತು. ಹೀಗೆ ಯೋಚಿಸುತ್ತಿರುವುದು ತಾನೋ, ಕಪ್ಪು ಬಾಗಿಲಿನ ಆಚೆಯ ನೆಗಡಿಯ ಮನುಷ್ಯನೋ ಎಂದು ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ನಿಲ್ಲಲಿಲ್ಲ.

ಸಂಜೆ ಹುಣ್ಣಿಮೆ ಕಳೆದ ಚಂದ್ರ ಗುಡ್ಡದ ಅಂಚಿಗೆ ಬಂದ. ಯಂತ್ರದ ಕೋಣೆಯಲ್ಲಿ ವಾದಿಮ್ ಗ್ಲೆಬೊವಿಚ್, ಸದ್ದು ಹಿಡಿಯುವ ಇಬ್ಬರು ಹುಡುಗರು, ರಿಮ್ಮಾ. ಒಳಬಾಗಿಲಿನ ಆಚೆ ಕತ್ತಲೆಕೋಣೆಯಲ್ಲಿ ಫಾಯಿನಾ ಚಿಲಕ ಹಾಕಿಕೊಂಡು ಹಿಂದಿನ ಸರದಿಯ ಹಾಳೆಗಳನ್ನು ತೊಳೆಯುತ್ತಿದ್ದಳು. ನೀರು ಸುರಿಯುವ ಸದ್ದು ಬರುತ್ತಿತ್ತು. ಎಂದಿನಂತೆ ಯಾರೂ ತಮಾಷೆ ಮಾಡಲಿಲ್ಲ, ಬೀಜದ ಪೊಟ್ಟಣ ಕೈಯಿಂದ ಕೈಗೆ ದಾಟಲಿಲ್ಲ. ರಿಮ್ಮಾ ಉರುಳೆಗೆ ಕಾಗದ ಸುತ್ತಿದಳು. ಪಕ್ಕದಲ್ಲಿ ಪೊರ್ಫೀರಿ ಲೂಕಿಚ್ ಕೂರುವ ಪೀಠ ಖಾಲಿ ಇತ್ತು. ಒಬ್ಬ ಹುಡುಗ ಅದನ್ನು ಕಾಲಿನಿಂದ ಗೋಡೆಗೆ ಒತ್ತಿದ, ಸತ್ತವರ ಸಾಮಾನು ಸರಿಸುವ ಹಾಗೆ.

ಅಲ್ಲಿ ಅವಳಿಗೆ ಏನಾಯಿತೋ. ಬಾಯಿ ಬಿಟ್ಟರೆ ತನ್ನ ಪೀಠ ಹೋಗುತ್ತದೆ, ಬಿಡದಿದ್ದರೆ ಅದರ ಮೇಲೆ ಕೂತು ಪಡೆದದ್ದೆಲ್ಲ ಕದ್ದದ್ದಾಗುತ್ತದೆ. ಹಾಜರಿಗೆ ಕೈ ಮಾತ್ರ ಎತ್ತುತ್ತಿದ್ದವಳು ಎದ್ದು ನಿಂತಳು.

"ಪೊರ್ಫೀರಿ ಲೂಕಿಚ್ ಮೇಲೆ ಬರೆದುಕೊಡಿ ಅಂದ್ರು. ನಾನು ಬರೆದುಕೊಟ್ಟಿಲ್ಲ."

ಯಾರೂ ತಿರುಗಲಿಲ್ಲ. ಸದ್ದಿನ ಹುಡುಗರು ಕಿವಿಯಂತ್ರವನ್ನು ಇನ್ನಷ್ಟು ಒತ್ತಿಕೊಂಡರು. ಕಪ್ಪು ಬಾಗಿಲಿನ ಮಾತನ್ನು ಕೇಳಿಸಿಕೊಳ್ಳುವುದೂ ಒಂದು ತಪ್ಪೇ. ವಾದಿಮ್ ಗ್ಲೆಬೊವಿಚ್ ಗಡಿಯಾರ ನೋಡುತ್ತ, "ಕಾಮ್ರೇಡ್ ವೆಲಿಚ್ಕೊ, ನಾನೇನೂ ಕೇಳಲಿಲ್ಲ. ನೀವೂ ಏನೂ ಹೇಳಲಿಲ್ಲ. ವೇಗ ನೋಡ್ಕೊಳ್ಳಿ," ಎಂದರು. ಆಮೇಲೆ, ಇವಳ ಬಾಯಲ್ಲಿ ಇದನ್ನ ಯಾರು ಹೇಳಿಸ್ತಿದಾರೋ, ನಮ್ಮನ್ನ ಪರೀಕ್ಷೆ ಮಾಡೋಕೋ ಏನೋ ಎಂದು ಒಬ್ಬ ಹುಡುಗ ಇನ್ನೊಬ್ಬನಿಗೆ ಪಿಸುಗುಟ್ಟಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಅಷ್ಟರಲ್ಲಿ ಚಂದ್ರ ಮಾತಾಡತೊಡಗಿದ. ಉರುಳೆ ತಿರುಗಿತು. ಗೆರೆಯ ಪಕ್ಕ ಗೆರೆ ಬೀಳುತ್ತಿದ್ದಂತೆ ರಿಮ್ಮಾ ಉಳಿದದ್ದೆಲ್ಲ ಮರೆತಳು. ನೆರಳು ಮೊದಲ ದಿನಕ್ಕಿಂತ ಚಿಕ್ಕದಾಗಿತ್ತು, ಅಲ್ಲಿ ಹೊತ್ತು ಮೇಲೇರಿದೆ. ಅವಳ ಪರಿಚಯದ ಕಲ್ಲು ಅಲ್ಲೇ ಇತ್ತು, ಸೂಜಿಯಲ್ಲ, ದೋಸೆ ಕಾವಲಿಯಷ್ಟು ತಗ್ಗಿನ ಮೊಂಡ ಕಲ್ಲು. ಅದರ ಆಚೆ ಒಂದು ಹೊಸ ಕುಳಿಯ ತುಟಿ ಮೂಡುತ್ತಿತ್ತು. ನೌಕೆ ಕೊಂಚ ವಾಲಿರಬೇಕು, ಇಲ್ಲದಿದ್ದರೆ ಇದು ಕಾಣುತ್ತಿರಲಿಲ್ಲ. ಇನ್ನೊಂದು ಹಾಳೆ ಸುತ್ತಿದರೆ ಆ ಕುಳಿಯ ಒಳಗೇನಿದೆ ತಿಳಿಯುತ್ತದೆ.

ಆ ಹಾಳೆ ಸುತ್ತಲು ಕೈ ಚಾಚಿದಾಗ ಹೊರಬಾಗಿಲು ತೆರೆಯಿತು. ಅರ್ಕಾದಿ ನೀಲೊವಿಚ್ ಕರವಸ್ತ್ರ ಹಿಡಿದು ನಿಂತಿದ್ದರು, ಹಿಂದೆ ಕಾವಲುಗಾರ. ಮುಚ್ಚಳಿಕೆ ಬರೆದುಕೊಟ್ಟು ಇನ್ನೂ ದಿನ ಕಳೆದಿಲ್ಲವಲ್ಲ, ಕಾಮ್ರೇಡ್ ವೆಲಿಚ್ಕೊ, ಎಂದು ಬೇಸರದಿಂದ ಹೇಳಿದರು. ನಿಜವಾಗಿಯೂ ಬೇಸರವೇ.

ಮಾತು ಅಷ್ಟು ಬೇಗ ಮುಟ್ಟಿತ್ತು. ವಾದಿಮ್ ಗ್ಲೆಬೊವಿಚ್ ಒಮ್ಮೆ ಹೊರಗೆ ಹೋಗಿ ಬಂದಿದ್ದರು, ಇಬ್ಬರು ಹುಡುಗರಲ್ಲಿ ಒಬ್ಬ ನೀರು ಕುಡಿಯಲು ಎದ್ದಿದ್ದ. ಈಗ ಮೂವರೂ ತಮ್ಮ ತಮ್ಮ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತಿದ್ದರೆಂದರೆ ಯಾರೆಂದು ಹೇಳುವಂತಿರಲಿಲ್ಲ. ಕತ್ತಲೆಕೋಣೆಯ ಚಿಲಕ ಮಾತ್ರ ಹಾಕಿಯೇ ಇತ್ತು. ನೀರು ಸುರಿಯುತ್ತಲೇ ಇತ್ತು.

ರಿಮ್ಮಾ ಎದ್ದಳು. ಆಗ ಒಂದು ವಿಚಿತ್ರವಾಯಿತು. ಉರುಳೆ ಖಾಲಿ ತಿರುಗುತ್ತಿದೆ, ಚಂದ್ರನಿಂದ ಗೆರೆಗಳು ಬರುತ್ತಲೇ ಇವೆ, ಬ್ಯಾಟರಿ ಯಾರಿಗಾಗಿಯೂ ಕಾಯುವುದಿಲ್ಲ. ವಾದಿಮ್ ಗ್ಲೆಬೊವಿಚ್ ಬಿಳಿಚಿಕೊಂಡು, ಹಾಗಾದರೆ ಯಂತ್ರ ನಡೆಸುವವರು ಯಾರು ಎಂದು ಕೇಳಿದರು. ಅರ್ಕಾದಿ ನೀಲೊವಿಚ್ ಉರುಳೆಯನ್ನೂ ರಿಮ್ಮಾಳನ್ನೂ ನೋಡಿದರು. ಇದನ್ನು ಇವಳು ಮೊದಲೇ ಯೋಚಿಸಿದ್ದಳೇ ಎಂಬ ಅನುಮಾನ ಅವರ ಕಣ್ಣಲ್ಲಿ ಹಾದುಹೋಯಿತು. ರಿಮ್ಮಾ ಯೋಚಿಸಿರಲಿಲ್ಲ. ಗೇಟಿನ ಹತ್ತಿರ ಸಂಜೆಯ ಬಸ್ಸಿಗಾಗಿ ಇನ್ನೂ ಕಾಯುತ್ತಿದ್ದ ಮುದುಕರನ್ನು ಕರೆತರಲು ಕಾವಲುಗಾರ ಓಡಿದ.

ಅವರು ಕೋಟಿನ ಗುಂಡಿ ಬಿಚ್ಚುತ್ತ, ಏದುಸಿರು ಬಿಡುತ್ತ ಬಂದರು. ಮೊಣಕಾಲಿನವರೆಗೆ ಕೆಸರು. ಬಾಗಿಲಲ್ಲಿ ಎದುರಾದ ರಿಮ್ಮಾಳ ಮುಖ ನೋಡಲಿಲ್ಲ.

"ಎಲ್ಲೀವರೆಗೆ ಬಂದಿದೆ?"

"ಮೊಂಡ ಕಲ್ಲು ದಾಟಿದೆ. ವೇಗ ಸ್ವಲ್ಪ ಎಳೀತಿದೆ, ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ. ಆಚೆ ಒಂದು ಕುಳಿ ಇದೆ, ಪೊರ್ಫೀರಿ ಲೂಕಿಚ್."

"ಆಯ್ತು," ಎಂದು ಅವರು ಕೂತರು. ಬಾಗಿಲು ಮುಚ್ಚಿತು. ಅವರು ತನ್ನನ್ನು ಏನೆಂದುಕೊಂಡರು ಎಂಬುದು ಕುಳಿಯ ಒಳಗಿನ ಹಾಗೆ ಅವಳಿಗೆ ಕಾಣದೆಯೇ ಉಳಿಯಿತು.

ಮೊದಲನೆಯ ಕೋಣೆಯಲ್ಲಿ ಅರ್ಕಾದಿ ನೀಲೊವಿಚ್ ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ಪಾಸು ತೆಗೆದುಕೊಂಡರು. ನಾಳೆ ಬೆಳಗಿನ ಬಸ್ಸು, ಸಿಂಫೆರೋಪೋಲಿನಿಂದ ರೈಲು, ಒದೆಸ್ಸಾದಲ್ಲಿ ಅಂಚೆ ಇಲಾಖೆಯವರು ಕೆಲಸ ಕೊಡುತ್ತಾರೆ ಎಂದರು. ಗಂಟಲಿಗೆ ಜೇನು ಹಾಕಿದ ಹಾಲು ಒಳ್ಳೆಯದು, ನನ್ನ ನೆಗಡಿಗಲ್ಲ, ನಿಮಗೇ ಹೇಳುತ್ತಿದ್ದೇನೆ, ನಿಮ್ಮ ದನಿ ಕಟ್ಟಿದೆ ಎಂದೂ ಹೇಳಿದರು.

ವಸತಿಗೃಹದ ಕೋಣೆಯಲ್ಲಿ ಫಾಯಿನಾಳ ಮಂಚ ಬರಿದಾಗಿತ್ತು. ಹಾಸಿಗೆ ಸುತ್ತಿ, ಪೆಟ್ಟಿಗೆ ಎತ್ತಿಕೊಂಡು, ಗೋಡೆಗೆ ಅಂಟಿಸಿದ್ದ ಸಮುದ್ರದ ಚಿತ್ರವನ್ನೂ ಕಿತ್ತುಕೊಂಡು ಮಧ್ಯಾಹ್ನವೇ ಬೇರೆ ಕೋಣೆಗೆ ಹೋಗಿದ್ದಳೆಂದು ಕಾವಲಿನ ಅಜ್ಜಿ ಹೇಳಿದಳು. ಸರದಿ ಮುಗಿಸಿ ಬಂದ ಫಾಯಿನಾಳ ಹೆಜ್ಜೆಗಳು ಮೆಟ್ಟಿಲ ಮೇಲೆ ಕೇಳಿಸಿದವು. ಅವು ರಿಮ್ಮಾಳ ಬಾಗಿಲು ದಾಟಿ ಪಡಸಾಲೆಯ ತುದಿಗೆ ಹೋದವು. ರಿಮ್ಮಾ ಹಿಂದೆಯೇ ಹೋಗಿ ಬಾಗಿಲು ತಟ್ಟಿದಳು. ಅದು ಅಂಗೈಯಷ್ಟು ತೆರೆಯಿತು. ಚಿತ್ರ ತೊಳೆಯುವ ಔಷಧದ ನೀರಿನ ವಾಸನೆ ಬಂತು.

"ಕುಳಿ ಬಂತಾ?" ಎಂದಳು ರಿಮ್ಮಾ. ಕೇಳಬೇಕೆಂದು ಬಂದದ್ದು ಅದಲ್ಲ.

"ಬಂತು. ಚೆನ್ನಾಗಿ ಬಂತು." ಫಾಯಿನಾಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಫಾಯಾ, ಮುದುಕರ ಮಾತು ಹೋಗಿ ಹೇಳಿದ್ದು ನೀನು ಅಂದ್ಕೊಂಡಿದ್ದೆ. ಇವತ್ತು ನಾನು ಒಳಗೆ ಆಡಿದ ಮಾತು ಒಂದು ಹಾಳೆ ಮುಗಿಯೋದ್ರೊಳಗೆ ಕಪ್ಪು ಬಾಗಿಲಿಗೆ ಮುಟ್ಟಿತು. ನೀನು ಚಿಲಕ ಹಾಕ್ಕೊಂಡು ಕೂತಿದ್ದೆ. ನೀನಲ್ಲ."

"ನಾನು ನೀನು ಅಂದ್ಕೊಂಡಿದ್ದೆ ಕಣೇ," ಎಂದಳು ಫಾಯಿನಾ. ಆಮೇಲೆ ಒಂದು ಒಣ ನಗೆ ನಕ್ಕಳು. "ನಮ್ಮಿಬ್ಬರಿಗೆ ಮಾತ್ರ ಹೇಳಿದಾರೆ ಅಂದ್ಕೊಂಡ್ಯಾ? ಆ ಮುದುಕ ಅದನ್ನ ಬಸ್ಸಿನವನಿಗೆ ಹೇಳಿದಾನೆ, ಕ್ಷೌರದವನಿಗೆ ಹೇಳಿದಾನೆ. ಒಂದು ತಮಾಷೆ ಹುಟ್ಟಿದ್ರೆ ಅದಕ್ಕೆ ಮೊಮ್ಮಕ್ಕಳಾಗೋ ತನಕ ಬಿಡಲ್ಲ."

ರಿಮ್ಮಾಳಿಗೂ ನಗು ಬಂತು. ಆ ಗಳಿಗೆ ಬಾಗಿಲು ಇನ್ನೊಂದು ಬೆರಳಷ್ಟು ಸರಿಯಿತು. ಮರುಕ್ಷಣ ಆ ಕಣ್ಣು ಕಿರಿದಾಯಿತು.

"ರಿಮ್ಕಾ. ಇದನ್ನ ಬಂದು ನಂಗೆ ಹೇಳು ಅಂತ ನಿನ್ನನ್ನ ಯಾರೂ ಕಳಿಸಿಲ್ಲ ತಾನೆ?"

"ಇಲ್ಲ," ಎಂದಳು ರಿಮ್ಮಾ.

ಫಾಯಿನಾ ಅವಳ ಮುಖವನ್ನು ನೋಡಿದಳು, ತಟ್ಟೆಯ ನೀರಿನಲ್ಲಿ ಬಿಟ್ಟ ಹಾಳೆಯನ್ನು ನೋಡುವ ಹಾಗೆ, ಏನು ಮೂಡುತ್ತದೋ ಎಂದು. ಪಡಸಾಲೆಯ ಆ ತುದಿಯಲ್ಲಿ ಯಾವುದೋ ಬಾಗಿಲು ತೆರೆಯಿತು, ಆದರೆ ಯಾರೂ ಹೊರಗೆ ಬರಲಿಲ್ಲ.

"ನಾಳೆ ಮಾತಾಡೋಣ ಕಣೇ," ಎಂದಳು ಫಾಯಿನಾ.

ರಿಮ್ಮಾಳನ್ನು ಬೆಳಗಿನ ಬಸ್ಸಿಗೆ ಹತ್ತಿಸುತ್ತಾರೆಂಬುದು ಅಷ್ಟು ಹೊತ್ತಿಗೆ ಇಡೀ ವಸತಿಗೃಹಕ್ಕೆ ಗೊತ್ತಿತ್ತು.